ಕಾರಿನ ಎಂಜಿನ್‌ನ ಐಡ್ಲಿಂಗ್ ವೇಗ

ಚಾಲಕ ಆಕ್ಸಿಲರೇಟರ್ ಒತ್ತದೆ, ಚಕ್ರಗಳಿಗೆ ಶಕ್ತಿ ಹೋಗದೆ ಇರುವಾಗ ಎಂಜಿನ್ ಆಫ್ ಆಗದಂತೆ ತನ್ನಷ್ಟಕ್ಕೆ ತಿರುಗುತ್ತಿರುವ ಕನಿಷ್ಠ ಸ್ಥಿರ ವೇಗಕ್ಕೆ ಐಡ್ಲಿಂಗ್ ವೇಗ ಎಂದು ಹೆಸರು. ಕ್ರ್ಯಾಂಕ್ ಶಾಫ್ಟ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ ಎಂಬ ಲೆಕ್ಕದಲ್ಲಿ, ಅಂದರೆ ಆರ್‌ಪಿಎಂನಲ್ಲಿ, ಇದನ್ನು ಹೇಳುತ್ತಾರೆ. ಇಂದಿನ ಪೆಟ್ರೋಲ್ ಕಾರುಗಳಲ್ಲಿ ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಇದು ಸಾಮಾನ್ಯವಾಗಿ 650ರಿಂದ 900ರ ನಡುವೆ ಇರುತ್ತದೆ. ಡೀಸೆಲ್ ಕಾರುಗಳಲ್ಲೂ ಹೆಚ್ಚುಕಡಿಮೆ ಇಷ್ಟೇ. ದೊಡ್ಡ ಲಾರಿ, ಬಸ್ಸುಗಳ ಎಂಜಿನ್‌ಗಳು 500ರಿಂದ 700ರಲ್ಲಿ ಗುಡುಗುಡು ಎನ್ನುತ್ತ ನಿಂತಿರಬಲ್ಲವು. ಬೈಕ್‌ಗಳಿಗೆ 1,000ದಿಂದ 1,500 ಬೇಕಾಗುತ್ತದೆ. ಭಾರತೀಯ ರೈಲ್ವೆಯ ಹಳೆಯ ಡಬ್ಲ್ಯುಡಿಎಂ–2 ಡೀಸೆಲ್ ಎಂಜಿನ್ ಪೂರ್ಣ ಬಲದಲ್ಲಿ 1,000 ಸುತ್ತು ತಿರುಗುತ್ತಿತ್ತು. ಸ್ಟೇಷನ್ನಿನಲ್ಲಿ ನಿಂತಾಗ 400.

ಕನ್ನಡ ಪಠ್ಯಗಳಲ್ಲಿ ಇದಕ್ಕೆ ‘ನಿಷ್ಕ್ರಿಯ ವೇಗ’ ಎಂಬ ಮಾತು ಕಾಣಿಸುತ್ತದೆ. ಅದು ಓದುಗರ ದಾರಿ ತಪ್ಪಿಸುವ ಪದ. ಐಡ್ಲಿಂಗ್‌ನಲ್ಲಿರುವ ಎಂಜಿನ್ ಕೈಕಟ್ಟಿ ಕುಳಿತಿರುವುದಿಲ್ಲ. ಸ್ವಂತ ಘರ್ಷಣೆಯನ್ನು ಗೆಲ್ಲುವುದು, ಆಯಿಲ್ ಪಂಪ್, ವಾಟರ್ ಪಂಪ್ ತಿರುಗಿಸುವುದು, ಆಲ್ಟರ್ನೇಟರ್ ಮೂಲಕ ಬ್ಯಾಟರಿ ಚಾರ್ಜ್ ಮಾಡುವುದು, ಎ.ಸಿ. ಹಾಕಿದ್ದರೆ ಅದರ ಕಂಪ್ರೆಸರ್ ಎಳೆಯುವುದು, ಎಲ್ಲವೂ ಅದರದೇ ಹೊಣೆ. ಗ್ಯಾರೇಜಿನವರು ಹೇಳುವ ‘ಐಡ್ಲಿಂಗ್’ ಎಂಬ ಮಾತೇ ಕನ್ನಡದಲ್ಲಿ ಬೇರೂರಿರುವುದರಿಂದ ಈ ಲೇಖನದಲ್ಲಿ ಅದನ್ನೇ ಇಟ್ಟುಕೊಳ್ಳಲಾಗಿದೆ.

ಇನ್ನೂ ಕಡಿಮೆ ಏಕಿರಬಾರದು

ಇಂಧನ ಉಳಿಯುವುದಾದರೆ 800ರ ಬದಲು 400ಕ್ಕೆ ಇಳಿಸಬಾರದೇಕೆ ಎಂಬ ಪ್ರಶ್ನೆ ಸಹಜ. ಉತ್ತರ ಎಂಜಿನ್‌ನ ಒಳಗಿದೆ. ನಾಲ್ಕು ಹೊಡೆತದ (ಫೋರ್ ಸ್ಟ್ರೋಕ್) ಎಂಜಿನ್‌ನಲ್ಲಿ ಪ್ರತಿ ಸಿಲಿಂಡರ್ ಎರಡು ಸುತ್ತಿಗೊಮ್ಮೆ ಮಾತ್ರ ಉರಿಯುತ್ತದೆ. 800 ಆರ್‌ಪಿಎಂನಲ್ಲಿ ನಾಲ್ಕು ಸಿಲಿಂಡರ್‌ಗಳಿಂದ ನಿಮಿಷಕ್ಕೆ ಒಟ್ಟು 1,600 ಉರಿತ. ಒಂದಕ್ಕೂ ಮತ್ತೊಂದಕ್ಕೂ ನಡುವೆ 37.5 ಮಿಲಿಸೆಕೆಂಡ್ ಬಿಡುವು. ಆ ಬಿಡುವಿನಲ್ಲಿ ಮುಂದಿನ ಸಿಲಿಂಡರ್‌ನ ಗಾಳಿಯನ್ನು ಒತ್ತಿ ಹಿಂಡಬೇಕು. ಅದಕ್ಕೆ ಬೇಕಾದ ಬಲ ಬರುವುದು ಕ್ರ್ಯಾಂಕ್ ಶಾಫ್ಟ್ ಜೊತೆ ತಿರುಗುವ ಭಾರದ ಚಕ್ರ, ಅಂದರೆ ಫ್ಲೈವೀಲ್, ಕೂಡಿಟ್ಟುಕೊಂಡ ಶಕ್ತಿಯಿಂದ. ಈ ಶಕ್ತಿ ವೇಗದ ವರ್ಗಕ್ಕೆ ಅನುಗುಣ. ವೇಗ ಅರ್ಧವಾದರೆ ಕೂಡಿಟ್ಟ ಶಕ್ತಿ ಕಾಲು ಭಾಗಕ್ಕೆ ಕುಸಿಯುತ್ತದೆ, ಬಿಡುವು ಮಾತ್ರ ಇಮ್ಮಡಿಯಾಗುತ್ತದೆ. ಒಂದು ಉರಿತ ಸೋತರೂ ಎಂಜಿನ್ ಅಲ್ಲೇ ನಿಂತುಬಿಡುತ್ತದೆ.

ಸಿಲಿಂಡರ್‌ಗಳ ಸಂಖ್ಯೆ ಕಡಿಮೆಯಾದಷ್ಟೂ ಈ ಕಷ್ಟ ಹೆಚ್ಚು. 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದ ಮಾರುತಿ 800ರದು 796 ಸಿಸಿಯ ಮೂರು ಸಿಲಿಂಡರ್ ಎಂಜಿನ್. ಅದೇ 800 ಆರ್‌ಪಿಎಂನಲ್ಲಿ ಮೂರು ಸಿಲಿಂಡರ್‌ಗಳು ಸೆಕೆಂಡಿಗೆ 20 ಸಲ ಮಾತ್ರ ಉರಿಯುತ್ತವೆ, ಬಿಡುವು 50 ಮಿಲಿಸೆಕೆಂಡಿಗೆ ಹಿಗ್ಗುತ್ತದೆ. ಆ ತಾಳ ಸೀಟಿಗೂ ಸ್ಟಿಯರಿಂಗಿಗೂ ತಲುಪುತ್ತದೆ. ಇಂದು ನಮ್ಮ ರಸ್ತೆಗಳಲ್ಲಿರುವ ಸಣ್ಣ ಕಾರುಗಳಲ್ಲಿ ಬಹಳಷ್ಟು ಮೂರು ಸಿಲಿಂಡರಿನವೇ. ನಾಲ್ಕು ಸಿಲಿಂಡರ್ ಕಾರು ಬಿಟ್ಟು ಇವುಗಳಿಗೆ ಬಂದವರು ಸಿಗ್ನಲ್ಲಿನಲ್ಲಿ ಗೇರ್ ಲಿವರ್ ನಡುಗುವುದನ್ನು ಕಂಡು ಗಾಬರಿಯಾಗುವುದುಂಟು. ಆ ನಡುಕ ಸಮವಾಗಿದ್ದರೆ ಅದು ಎಂಜಿನ್‌ನ ಹುಟ್ಟುಗುಣ, ರೋಗವಲ್ಲ.

ಉರಿಯುವ ಕ್ರಿಯೆಗೂ ಒಂದು ಮಿತಿ ಇದೆ. ಐಡ್ಲಿಂಗ್‌ನಲ್ಲಿ ಪೆಟ್ರೋಲ್ ಎಂಜಿನ್ನಿನ ಗಾಳಿಯ ದಾರಿ ತೆರೆದು ಮುಚ್ಚುವ ಥ್ರಾಟಲ್ ಕವಾಟ ಬಹುಪಾಲು ಮುಚ್ಚಿರುತ್ತದೆ. ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಇನ್‌ಟೇಕ್ ಮ್ಯಾನಿಫೋಲ್ಡ್‌ನೊಳಗಿನ ಒತ್ತಡ ಹೊರಗಿನ ಗಾಳಿಯ ಒತ್ತಡದ ಮೂರನೇ ಒಂದು ಭಾಗದ ಆಸುಪಾಸಿಗೆ ಇಳಿದಿರುತ್ತದೆ. ಹೊಸ ಗಾಳಿ ಒಳಬರುವುದು ಕಡಿಮೆ, ಹಿಂದಿನ ಸಲ ಉರಿದುಳಿದ ಹೊಗೆಯ ಪಾಲು ಹೆಚ್ಚು. ಇಂಥ ಮಿಶ್ರಣ ನಿಧಾನವಾಗಿ, ಒಂದೊಂದು ಸಲ ಒಂದೊಂದು ರೀತಿ ಉರಿಯುತ್ತದೆ. ರೇಸ್ ಕಾರುಗಳಲ್ಲಿ ಒಳಕವಾಟ, ಹೊರಕವಾಟ ಎರಡೂ ಏಕಕಾಲಕ್ಕೆ ತೆರೆದಿರುವ ಅವಧಿಯನ್ನು ಉದ್ದೇಶಪೂರ್ವಕವಾಗಿ ಉದ್ದ ಮಾಡಿರುತ್ತಾರೆ. ಮೇಲಿನ ವೇಗದಲ್ಲಿ ಬಲ ಕೊಡುವ ಆ ಏರ್ಪಾಡು ಕೆಳಗಿನ ವೇಗದಲ್ಲಿ ಹೊಗೆಯನ್ನು ಮತ್ತೆ ಒಳಗೆ ಎಳೆಯುತ್ತದೆ. ಫಾರ್ಮುಲಾ ಒನ್ ಎಂಜಿನ್‌ಗಳ ಐಡ್ಲಿಂಗ್ ಹಲವು ಸಾವಿರ ಆರ್‌ಪಿಎಂ ಇರುವುದಕ್ಕೆ ಇದೊಂದು ಕಾರಣ.

ಆಯಿಲ್ ಒತ್ತಡ, ಚಾರ್ಜಿಂಗ್ ಎರಡೂ ಇದೇ ವೇಗಕ್ಕೆ ಕಟ್ಟುಬಿದ್ದಿವೆ. ಎಂಜಿನ್ ವೇಗ ಇಳಿದರೆ ಬೇರಿಂಗ್‌ಗಳಿಗೆ ಆಯಿಲ್ ತಲುಪುವ ಒತ್ತಡವೂ ಇಳಿಯುತ್ತದೆ. ಆಲ್ಟರ್ನೇಟರ್ ತನ್ನ ಸಣ್ಣ ಪುಲ್ಲಿಯಿಂದಾಗಿ ಕ್ರ್ಯಾಂಕ್‌ಗಿಂತ ಸುಮಾರು ಎರಡೂವರೆಯಿಂದ ಮೂರು ಪಟ್ಟು ವೇಗವಾಗಿ ತಿರುಗುತ್ತದಾದರೂ, ಐಡ್ಲಿಂಗ್ ತೀರ ಕಡಿಮೆಯಾದರೆ ಹೆಡ್‌ಲೈಟ್ ಮಂಕಾಗುವುದನ್ನು ಕಣ್ಣಾರೆ ನೋಡಬಹುದು. ಹಾಗೆಂದು ವೇಗ ಅಗತ್ಯಕ್ಕಿಂತ ಹೆಚ್ಚಿದ್ದರೂ ಒಳ್ಳೆಯದಲ್ಲ. ಪೆಟ್ರೋಲ್ ವ್ಯರ್ಥವಾಗುತ್ತದೆ. ಆಟೋಮ್ಯಾಟಿಕ್ ಕಾರಾದರೆ ಬ್ರೇಕ್ ಬಿಟ್ಟ ಕೂಡಲೇ ಮುನ್ನುಗ್ಗುತ್ತದೆ.

ಸ್ಕ್ರೂನಿಂದ ಕಂಪ್ಯೂಟರಿನವರೆಗೆ

ಪೆಟ್ರೋಲ್ ಎಂಜಿನ್‌ಗೆ ಒಂದು ಸಹಜ ಸಮತೋಲನವಿದೆ. ಥ್ರಾಟಲ್ ಒಂದೇ ಸ್ಥಾನದಲ್ಲಿದ್ದಾಗ ವೇಗ ಸ್ವಲ್ಪ ಕುಸಿದರೆ, ಮ್ಯಾನಿಫೋಲ್ಡ್‌ನಲ್ಲಿ ಗಾಳಿ ತುಂಬಿಕೊಳ್ಳಲು ಹೆಚ್ಚು ಸಮಯ ಸಿಗುತ್ತದೆ. ಪ್ರತಿ ಸಿಲಿಂಡರ್‌ಗೂ ಪಾಲು ಹೆಚ್ಚುತ್ತದೆ. ಬಲ ಏರಿ ವೇಗ ಮೊದಲಿನ ಸ್ಥಿತಿಗೆ ಮರಳುತ್ತದೆ. ಗಾಳಿಗೆ ಪೆಟ್ರೋಲ್ ಬೆರೆಸುವ ಕೆಲಸ ಕಾರ್ಬ್ಯುರೇಟರ್‌ನದಾಗಿದ್ದ ಕಾಲದ ಕಾರುಗಳು ಯಾವ ಸೆನ್ಸರ್‌ನ ನೆರವೂ ಇಲ್ಲದೆ ಸ್ಥಿರವಾಗಿ ನಿಂತದ್ದು ಈ ಗುಣದಿಂದ. ಅವುಗಳಲ್ಲಿ ಮುಚ್ಚಿದ ಥ್ರಾಟಲ್‌ನ ಅಂಚಿನ ಬಳಿ ಐಡ್ಲಿಂಗ್‌ಗೆಂದೇ ಒಂದು ಸಣ್ಣ ರಂಧ್ರ, ಅದಕ್ಕೆ ಪೆಟ್ರೋಲ್ ಕೊಡುವ ಜೆಟ್, ಎರಡು ಸ್ಕ್ರೂ ಇರುತ್ತಿದ್ದವು. ಒಂದು ಥ್ರಾಟಲ್ ಎಷ್ಟು ಮುಚ್ಚಬೇಕೆಂದು ತಡೆಯುವುದು, ಇನ್ನೊಂದು ಮಿಶ್ರಣ ಸರಿಮಾಡುವುದು. ಅಂಬಾಸಡರ್, ಪ್ರೀಮಿಯರ್ ಪದ್ಮಿನಿಗಳ ಕಾಲದಲ್ಲಿ ಪಳಗಿದ ಮೆಕ್ಯಾನಿಕ್ ಕಿವಿಗೊಟ್ಟು ಕೇಳುತ್ತಲೇ ಈ ಎರಡು ಸ್ಕ್ರೂ ತಿರುಗಿಸಿ ‘ಐಡ್ಲಿಂಗ್ ಸೆಟ್’ ಮಾಡುತ್ತಿದ್ದ. ಚಳಿಗಾಲದ ಬೆಳಗ್ಗೆ ಗಾಳಿ ತಗ್ಗಿಸಿ ಪೆಟ್ರೋಲಿನ ಪಾಲು ಹೆಚ್ಚಿಸುವ ಚೋಕ್ ಎಳೆದು ಸ್ಟಾರ್ಟ್ ಮಾಡಿ, ಎಂಜಿನ್ ಬಿಸಿಯಾದ ಹಾಗೆ ಚೋಕ್ ಒಳಗೆ ತಳ್ಳುವುದು ಚಾಲಕನ ಕೆಲಸವಾಗಿತ್ತು.

ಡೀಸೆಲ್ ಎಂಜಿನ್‌ಗೆ ಈ ಸಹಜ ಸಮತೋಲನದ ಭಾಗ್ಯವಿಲ್ಲ. ಗಾಳಿ ತಡೆಯಿಲ್ಲದೆ ಒಳಬರುತ್ತದೆ, ಬಲವನ್ನು ನಿರ್ಧರಿಸುವುದು ಚಿಮ್ಮಿಸಿದ ಡೀಸೆಲ್‌ನ ಅಳತೆ ಮಾತ್ರ. ಪಂಪನ್ನು ಒಂದೇ ಅಳತೆಯಲ್ಲಿ ಹಿಡಿದಿಟ್ಟರೆ ಎಂಜಿನ್ ಮೆಲ್ಲಗೆ ನಿಂತುಹೋಗಬಹುದು, ಇಲ್ಲವೇ ಹಿಡಿತ ತಪ್ಪಿ ಓಡಬಹುದು. ಆದ್ದರಿಂದ ಡೀಸೆಲ್‌ಗೆ ವೇಗ ಕಾಯುವ ಗವರ್ನರ್ ಬೇಕೇ ಬೇಕು. ತಿರುಗುವ ಗುಂಡುಗಳು ವೇಗ ಹೆಚ್ಚಿದಾಗ ಹೊರಕ್ಕೆ ಸರಿದು ಶಕ್ತಿಯ ಪೂರೈಕೆ ತಗ್ಗಿಸುವ ಉಪಾಯ ಗಿರಣಿಗಳಲ್ಲಿ ಮೊದಲೇ ಇತ್ತು. ಜೇಮ್ಸ್ ವ್ಯಾಟ್ 1788ರಲ್ಲಿ ಅದನ್ನು ಉಗಿಯಂತ್ರಕ್ಕೆ ಅಳವಡಿಸಿದ. ಅದೇ ತತ್ತ್ವ ಡೀಸೆಲ್ ಪಂಪಿನೊಳಗೆ ಸೇರಿಕೊಂಡಿತು. ಬೆಂಗಳೂರಿನ ಆಡುಗೋಡಿಯ ಮೈಕೋ ಕಾರ್ಖಾನೆ ಈ ಕಥೆಯಲ್ಲಿ ಬರಲೇಬೇಕು. 1951ರಲ್ಲಿ ಸ್ಥಾಪನೆಯಾದ, 2008ರಲ್ಲಿ ಬಾಷ್ ಲಿಮಿಟೆಡ್ ಎಂದು ಹೆಸರು ಬದಲಾದ ಈ ಕಂಪನಿಯ ಇಂಧನ ಪಂಪುಗಳು ದೇಶದ ಲಾರಿ, ಬಸ್ಸು, ಟ್ರ್ಯಾಕ್ಟರ್‌ಗಳಲ್ಲಿ ದಶಕಗಳ ಕಾಲ ಐಡ್ಲಿಂಗ್ ಕಾಯ್ದವು.

ಗವರ್ನರ್‌ಗೂ ಒಂದು ದೋಷ ಅಂಟಿಕೊಂಡಿತ್ತು. ವೇಗ ತಗ್ಗಿದಾಗ ಅತಿಯಾಗಿ ತಿದ್ದುವುದು, ಏರಿದಾಗ ಅತಿಯಾಗಿ ಕಡಿತ ಮಾಡುವುದು. ಯಂತ್ರ ಒಂದು ವೇಗದಲ್ಲಿ ನಿಲ್ಲದೆ ತೂಗಾಡುವುದು. ಭೌತವಿಜ್ಞಾನಿ ಜೇಮ್ಸ್ ಕ್ಲಾರ್ಕ್ ಮ್ಯಾಕ್ಸ್‌ವೆಲ್ 1868ರಲ್ಲಿ ಗವರ್ನರ್‌ಗಳ ಬಗ್ಗೆಯೇ ಒಂದು ಪ್ರಬಂಧ ಬರೆದು, ಯಾವಾಗ ತಿದ್ದುವಿಕೆ ಶಮನಗೊಳ್ಳುತ್ತದೆ, ಯಾವಾಗ ಬೆಳೆಯುತ್ತ ಹೋಗುತ್ತದೆ ಎಂಬುದನ್ನು ಗಣಿತದಲ್ಲಿ ತೋರಿಸಿದ. ನಿಯಂತ್ರಣ ಶಾಸ್ತ್ರದ ಆರಂಭದ ಬರಹಗಳಲ್ಲಿ ಅದಕ್ಕೆ ಗೌರವದ ಸ್ಥಾನವಿದೆ. ಇಂದು ಕಾರಿನ ಆರ್‌ಪಿಎಂ ಮುಳ್ಳು 600ಕ್ಕೂ 1,200ಕ್ಕೂ ಉಯ್ಯಾಲೆಯಾಡಿದರೆ ಗ್ಯಾರೇಜಿನವರು ‘ಹಂಟಿಂಗ್’ ಎನ್ನುತ್ತಾರಲ್ಲ, ಅದು ಇದೇ ತೂಗಾಟ.

ಮಾಲಿನ್ಯದ ಕಾನೂನುಗಳು ಬಿಗಿಯಾದಂತೆ, ಹೊಸ ಸಹಸ್ರಮಾನದ ಹೊಸ್ತಿಲಲ್ಲಿ ನಮ್ಮ ಕಾರುಗಳಿಂದ ಕಾರ್ಬ್ಯುರೇಟರ್ ಮರೆಯಾಗಿ, ಪ್ರತಿ ಸಿಲಿಂಡರ್‌ಗೂ ಬೇರೆಬೇರೆಯಾಗಿ ಪೆಟ್ರೋಲ್ ಚಿಮ್ಮಿಸುವ ಎಂಪಿಎಫ್‌ಐ ವ್ಯವಸ್ಥೆ ಬಂತು. ಐಡ್ಲಿಂಗ್ ಸ್ಕ್ರೂ ಜಾಗಕ್ಕೆ ಎಂಜಿನ್ ನಿಯಂತ್ರಿಸುವ ಪುಟ್ಟ ಕಂಪ್ಯೂಟರ್, ಅಂದರೆ ಇಸಿಯು, ಬಂದು ಕುಳಿತಿತು. ಮೊದಮೊದಲು ಥ್ರಾಟಲ್ ಪಕ್ಕದ ಒಂದು ಅಡ್ಡದಾರಿಯಲ್ಲಿ ಗಾಳಿ ಬಿಡುವ ಸಣ್ಣ ಕವಾಟ, ಅದನ್ನು ಹೆಜ್ಜೆಹೆಜ್ಜೆಯಾಗಿ ಸರಿಸುವ ಮೋಟರ್. ಈಗ ಬಹುತೇಕ ಕಾರುಗಳಲ್ಲಿ ಥ್ರಾಟಲ್ ಕವಾಟವನ್ನೇ ಮೋಟರ್ ನಡೆಸುತ್ತದೆ. ಇಸಿಯು ಕ್ರ್ಯಾಂಕ್ ಸೆನ್ಸರ್‌ನಿಂದ ವೇಗ, ಕೂಲಂಟ್ ಸೆನ್ಸರ್‌ನಿಂದ ಬಿಸಿ, ಮ್ಯಾನಿಫೋಲ್ಡ್ ಸೆನ್ಸರ್‌ನಿಂದ ಗಾಳಿಯ ಒತ್ತಡ ತಿಳಿದುಕೊಂಡು, ಆ ಹೊತ್ತಿಗೆ ಇರಬೇಕಾದ ವೇಗಕ್ಕೂ ಇರುವ ವೇಗಕ್ಕೂ ಎಷ್ಟು ಅಂತರ ಎಂದು ಲೆಕ್ಕ ಹಾಕುತ್ತಲೇ ಇರುತ್ತದೆ.

ಇದರಲ್ಲಿ ಮೆಚ್ಚಬೇಕಾದ ಒಂದು ಜಾಣ್ಮೆ ಇದೆ. ಗಾಳಿ ಹೆಚ್ಚಿಸಿದರೆ ಅದರ ಫಲ ಕಾಣಲು ಒಂದೆರಡು ಸುತ್ತಾದರೂ ಕಾಯಬೇಕು. ಸ್ಪಾರ್ಕ್ ಕೊಡುವ ಕ್ಷಣವನ್ನು ಹಿಂದೆ ಮುಂದೆ ಮಾಡಿದರೆ ಮುಂದಿನ ಉರಿತದಲ್ಲೇ ಫಲ ಸಿಗುತ್ತದೆ. ಅದಕ್ಕಾಗಿ ಐಡ್ಲಿಂಗ್‌ನಲ್ಲಿ ಸ್ಪಾರ್ಕನ್ನು ಬೇಕೆಂದೇ ತಕ್ಕ ಗಳಿಗೆಗಿಂತ ತಡವಾಗಿ ಕೊಡುತ್ತಾರೆ. ಸ್ವಲ್ಪ ಬಲ ಕೈಯಲ್ಲಿ ಮೀಸಲಿದ್ದಂತೆ. ಎ.ಸಿ. ಕಂಪ್ರೆಸರ್ ತಟ್ಟನೆ ಸೇರಿಕೊಂಡು ವೇಗ ಕುಗ್ಗುವ ಸೂಚನೆ ಕಂಡೊಡನೆ ಇಸಿಯು ಸ್ಪಾರ್ಕನ್ನು ಬೇಗಮಾಡಿ ತಕ್ಷಣದ ಕೊರತೆ ತುಂಬುತ್ತದೆ, ಅಷ್ಟರಲ್ಲಿ ಗಾಳಿಯೂ ಹೆಚ್ಚಿ ಹೊಸ ಭಾರಕ್ಕೆ ಎಂಜಿನ್ ಹೊಂದಿಕೊಳ್ಳುತ್ತದೆ. ಒಂದೇ ಅಧಿಕ ಒತ್ತಡದ ಕೊಳವೆಯಿಂದ ಎಲ್ಲ ಸಿಲಿಂಡರ್‌ಗಳಿಗೂ ಇಂಧನ ಹಂಚುವ ಕಾಮನ್ ರೈಲ್ ಡೀಸೆಲ್‌ಗಳಲ್ಲಿ ಪ್ರತಿ ಸಿಲಿಂಡರ್ ಉರಿದಾಗ ಕ್ರ್ಯಾಂಕ್ ಎಷ್ಟು ಚುರುಕಾಯಿತು ಎಂದು ಅಳೆದು, ಸೋತ ಸಿಲಿಂಡರ್‌ಗೆ ಒಂದು ಹನಿ ಹೆಚ್ಚು, ಮುಂದಿರುವುದಕ್ಕೆ ಒಂದು ಹನಿ ಕಡಿಮೆ ಕೊಡುವ ಏರ್ಪಾಡೂ ಇದೆ.

ಸಹಜವಾದ ಏರಿಳಿತ, ಅಸಹಜವಾದ ಏರಿಳಿತ

ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಮುಳ್ಳು 1,200ರಿಂದ 1,500ರವರೆಗೆ ಏರಿ ನಿಲ್ಲುವುದು ಸಹಜ. ತಣ್ಣಗಿನ ಆಯಿಲ್ ಗಟ್ಟಿಯಾಗಿರುತ್ತದೆ, ತಣ್ಣಗಿನ ಗೋಡೆಗಳ ಮೇಲೆ ಪೆಟ್ರೋಲ್ ಸರಿಯಾಗಿ ಆವಿಯಾಗುವುದಿಲ್ಲ. ಇನ್ನೊಂದು ಕಾರಣವನ್ನು ಬಹಳ ಜನ ಅರಿತಿಲ್ಲ: ಸೈಲೆನ್ಸರ್ ದಾರಿಯಲ್ಲಿದ್ದು ಹೊಗೆಯ ವಿಷಾನಿಲ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಸುಮಾರು 250ರಿಂದ 300 ಡಿಗ್ರಿ ಸೆಲ್ಸಿಯಸ್ ಬಿಸಿಯಾಗುವವರೆಗೆ ಸರಿಯಾಗಿ ಕೆಲಸ ಮಾಡುವುದಿಲ್ಲ. ಅದನ್ನು ಬೇಗ ಬಿಸಿಮಾಡಲೆಂದೇ ಇಸಿಯು ವೇಗ ಏರಿಸಿ, ಸ್ಪಾರ್ಕ್ ತಡಮಾಡಿ, ಬಿಸಿಹೊಗೆಯನ್ನು ಹೊರಕಳಿಸುತ್ತದೆ. ಎಂಜಿನ್ ಬಿಸಿಯಾದಂತೆ ಮುಳ್ಳು ತಾನೇ ಇಳಿಯುತ್ತದೆ. ಇಳಿಯದೆ ಅಲ್ಲೇ ನಿಂತರೆ ಮಾತ್ರ ವಿಚಾರಿಸಬೇಕು. ಹಳೆಯ ಅಭ್ಯಾಸದಂತೆ ಹತ್ತು ನಿಮಿಷ ನಿಲ್ಲಿಸಿ ಬಿಸಿಮಾಡುವ ಅಗತ್ಯ ಈಗಿನ ಕಾರುಗಳಿಗಿಲ್ಲ. ಅರ್ಧ ನಿಮಿಷ ಬಿಟ್ಟು, ರೇಸ್ ಮಾಡದೆ ಮೆಲ್ಲಗೆ ಹೊರಟರೆ ಎಂಜಿನ್ ಬೇಗ ಬಿಸಿಯಾಗುತ್ತದೆ.

ಎ.ಸಿ. ಹಾಕಿದಾಗ 50ರಿಂದ 150 ಸುತ್ತು ಹೆಚ್ಚುವುದು, ಸ್ಟಿಯರಿಂಗನ್ನು ಕೊನೆಯವರೆಗೆ ತಿರುಗಿಸಿದಾಗ ಕ್ಷಣಕಾಲ ಕುಗ್ಗಿ ಚೇತರಿಸಿಕೊಳ್ಳುವುದು, ರೇಡಿಯೇಟರ್ ಫ್ಯಾನ್ ಶುರುವಾದಾಗ ಎಂಜಿನ್‌ನ ಸದ್ದು ಬದಲಾಗುವುದು, ಇವೆಲ್ಲ ಆರೋಗ್ಯದ ಲಕ್ಷಣಗಳೇ.

ತೊಂದರೆಯ ಲಕ್ಷಣಗಳಲ್ಲಿ ಮೊದಲನೆಯದು, ಬಿಸಿಯಾದ ಎಂಜಿನ್ 1,000ಕ್ಕಿಂತ ಕೆಳಗಿಳಿಯಲು ಒಪ್ಪದಿರುವುದು. ಥ್ರಾಟಲ್ ದಾಟಿದ ಮೇಲಿನ ಯಾವುದೋ ರಬ್ಬರ್ ಪೈಪ್ ಬಿರುಕುಬಿಟ್ಟು, ಲೆಕ್ಕಕ್ಕೆ ಸಿಗದ ಗಾಳಿ ಒಳನುಗ್ಗುತ್ತಿರಬಹುದು. ‘ಏರ್ ಲೀಕ್’ ಎನ್ನುವುದು ಇದಕ್ಕೆ. ಥ್ರಾಟಲ್ ಬಾಡಿಯ ಅಂಚಿನಲ್ಲಿ ಕರಿ ಕಟ್ಟಿದ್ದರೆ ಇದರ ವಿರುದ್ಧದ ಫಲ: ಗಾಳಿ ಸಾಲದೆ ಸಿಗ್ನಲ್ಲಿಗೆ ಬಂದಾಗಲೆಲ್ಲ ಕಾರು ಆಫ್ ಆಗುತ್ತದೆ. ಅದನ್ನು ತೊಳೆದ ಮೇಲೂ ಕೆಲವು ಕಾರುಗಳಲ್ಲಿ ಐಡ್ಲಿಂಗ್ ಒಂದೆರಡು ದಿನ ಮೇಲೆಕೆಳಗೆ ಆಗುತ್ತದೆ, ಏಕೆಂದರೆ ಇಸಿಯು ಕರಿಯ ಜೊತೆ ಬದುಕಲು ಕಲಿತಿದ್ದ ಲೆಕ್ಕವನ್ನು ಮರೆತು ಹೊಸದಾಗಿ ಕಲಿಯಬೇಕು. ಬ್ಯಾಟರಿ ಕಳಚಿ ಹಾಕಿದ ಮೇಲಿನ ಒರಟುತನಕ್ಕೂ ಇದೇ ಕಾರಣ. ಸಮವಾದ ನಡುಕದ ನಡುವೆ ಆಗಾಗ ಒಂದು ಎಗರು ಬಂದರೆ ಸ್ಪಾರ್ಕ್ ಪ್ಲಗ್, ಇಗ್ನಿಷನ್ ಕಾಯಿಲ್, ಇಂಜೆಕ್ಟರ್ ಇವುಗಳಲ್ಲೊಂದು ಕೈಕೊಟ್ಟು ಒಂದು ಸಿಲಿಂಡರ್ ‘ಮಿಸ್ಸಿಂಗ್’ ಆಗುತ್ತಿದೆ ಎಂದರ್ಥ. ಆರ್‌ಪಿಎಂ ಮುಳ್ಳು ಕದಲದೆ ಕಾರು ಮಾತ್ರ ಅದುರಿದರೆ ಎಂಜಿನ್ ಮೌಂಟಿಂಗ್‌ನ ರಬ್ಬರ್ ಸವೆದಿರಬಹುದು. ಅಲ್ಲಿ ಐಡ್ಲಿಂಗ್‌ನ ತಪ್ಪೇನೂ ಇಲ್ಲ.

ಇಲ್ಲಿ ಒಂದು ಕೆಟ್ಟ ರೂಢಿಯನ್ನು ಸ್ಪಷ್ಟವಾಗಿ ಖಂಡಿಸಬೇಕು. ಕಾರು ಆಫ್ ಆಗುತ್ತದೆ ಎಂದು ದೂರು ಹೇಳಿದರೆ, ಕಾರಣ ಹುಡುಕದೆ ಥ್ರಾಟಲ್‌ನ ತಡೆಸ್ಕ್ರೂ ತಿರುಗಿಸಿ ವೇಗ ಏರಿಸಿ ಕಳಿಸುವುದು. ಕಾರ್ಬ್ಯುರೇಟರ್ ಕಾಲದಲ್ಲೂ ಅದು ಅರೆಬರೆ ಚಿಕಿತ್ಸೆಯೇ. ಎಂಪಿಎಫ್‌ಐ ಕಾರುಗಳಲ್ಲಿ ಆ ಸ್ಕ್ರೂ ಕಾರ್ಖಾನೆಯಲ್ಲೇ ಸ್ಥಿರಪಡಿಸಿದ್ದು. ಅದನ್ನು ಮುಟ್ಟಿದರೆ ಥ್ರಾಟಲ್ ಮುಚ್ಚಿದೆಯೋ ಇಲ್ಲವೋ ಎಂಬುದೇ ಇಸಿಯುಗೆ ತಿಳಿಯದೆ ಹೋಗಬಹುದು. ಮೂಲದೋಷ ಹಾಗೇ ಉಳಿಯುತ್ತದೆ, ಅದರ ಮೇಲೆ ಹೊಸದೊಂದು ಸೇರುತ್ತದೆ.

ನಿಂತಲ್ಲೇ ಉರಿಯುವ ಇಂಧನ

ಚಕ್ರಕ್ಕೆ ಸಿಗುವ ಕೆಲಸ ಸೊನ್ನೆಯಾದ್ದರಿಂದ ಐಡ್ಲಿಂಗ್‌ನಲ್ಲಿ ಎಂಜಿನ್‌ನ ಉಪಯುಕ್ತ ದಕ್ಷತೆಯೂ ಸೊನ್ನೆ. ಸಣ್ಣ ಪೆಟ್ರೋಲ್ ಕಾರು ನಿಂತಲ್ಲೇ ಗಂಟೆಗೆ ಸುಮಾರು ಅರ್ಧ ಲೀಟರಿನಿಂದ ಒಂದು ಲೀಟರ್‌ವರೆಗೆ ಕುಡಿಯುತ್ತದೆ, ಎ.ಸಿ. ಹಾಕಿದಾಗ ಮೇಲಿನ ಅಂಕಿಯ ಕಡೆಗೆ. ಬೆಂಗಳೂರಿನಂಥ ಊರಿನಲ್ಲಿ ದಿನಕ್ಕೆ ಅರ್ಧ ಗಂಟೆ ಸಿಗ್ನಲ್ಲುಗಳಲ್ಲಿ ನಿಲ್ಲುವವರು ವರ್ಷಕ್ಕೆ 300 ದಿನ ಓಡಾಡಿದರೆ, ಗಂಟೆಗೆ 0.6 ಲೀಟರಿನ ಲೆಕ್ಕ ಹಿಡಿದರೂ 90 ಲೀಟರ್ ಆಗುತ್ತದೆ. ಹತ್ತು ಸೆಕೆಂಡಿಗಿಂತ ಹೆಚ್ಚು ನಿಲ್ಲುವುದಾದರೆ ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡುವುದೇ ಇಂಧನದ ದೃಷ್ಟಿಯಿಂದ ಲಾಭ ಎಂಬುದು ಅಮೆರಿಕದ ಇಂಧನ ಇಲಾಖೆಯ ಸಲಹೆ. ದೆಹಲಿ ಸರ್ಕಾರ 2020ರ ಅಕ್ಟೋಬರಿನಲ್ಲಿ ‘ರೆಡ್ ಲೈಟ್ ಆನ್, ಗಾಡಿ ಆಫ್’ ಎಂಬ ಅಭಿಯಾನ ಶುರುಮಾಡಿತು. ಟೊಯೋಟಾ 1974ರಷ್ಟು ಹಿಂದೆಯೇ ಕ್ರೌನ್ ಕಾರಿನಲ್ಲಿ ಪ್ರಯತ್ನಿಸಿದ್ದ, ನಿಂತಾಗ ಎಂಜಿನ್ ತಾನೇ ಆಫ್ ಆಗುವ ವ್ಯವಸ್ಥೆ ಈಗ ನಮ್ಮ ಅನೇಕ ಕಾರುಗಳಲ್ಲಿದೆ.

ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಿದರೆ ಪೆಟ್ರೋಲ್ ಉಳಿಯುತ್ತದೆ ಎಂಬ ನಂಬಿಕೆ ಇನ್ನೂ ಗಟ್ಟಿಯಾಗಿದೆ. ಕಾರ್ಬ್ಯುರೇಟರ್ ಕಾಲಕ್ಕೆ ಅದರಲ್ಲಿ ಸ್ವಲ್ಪ ಹುರುಳಿತ್ತು. ಗೇರಿನಲ್ಲಿ ಇಳಿಯುವಾಗ ಎಂಜಿನ್ ವೇಗವಾಗಿ ತಿರುಗುತ್ತ ಐಡ್ಲಿಂಗ್ ರಂಧ್ರದಿಂದ ಪೆಟ್ರೋಲ್ ಹೀರುತ್ತಲೇ ಇರುತ್ತಿತ್ತು. ಈಗಿನ ಕಾರುಗಳಲ್ಲಿ ಲೆಕ್ಕ ತಿರುವುಮುರುವು. ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟರೆ ಇಸಿಯು ಇಂಧನವನ್ನು ಪೂರ್ತಿ ನಿಲ್ಲಿಸುತ್ತದೆ, ಚಕ್ರಗಳೇ ಎಂಜಿನ್ ತಿರುಗಿಸುತ್ತವೆ. ವೇಗ ಐಡ್ಲಿಂಗ್ ಹತ್ತಿರಕ್ಕೆ ಇಳಿದಾಗ ಮಾತ್ರ ಇಂಧನ ಮತ್ತೆ ಶುರು. ನ್ಯೂಟ್ರಲ್‌ನಲ್ಲಾದರೆ ಐಡ್ಲಿಂಗ್‌ಗೆ ಬೇಕಾದಷ್ಟು ಇಂಧನ ಉರಿಯಲೇಬೇಕು. ಚಾರ್ಮಾಡಿ, ಶಿರಾಡಿಯಂಥ ಘಾಟಿಗಳಲ್ಲಿ ಕಾರನ್ನು ಗೇರಿನಲ್ಲೇ ಇಳಿಸುವುದು ಸುರಕ್ಷಿತವೂ ಹೌದು, ಉಳಿತಾಯವೂ ಹೌದು. ಎಂಜಿನ್ ಆಫ್ ಮಾಡಿ ಇಳಿಸುವುದಂತೂ ಪ್ರಾಣಾಪಾಯ. ಬ್ರೇಕ್ ಬೂಸ್ಟರ್‌ಗೆ ಬೇಕಾದ ನಿರ್ವಾತ ಎಂಜಿನ್‌ನಿಂದ ಬರುವಂಥದ್ದು. ಅದು ನಿಂತ ಮೇಲೆ ಎರಡು ಮೂರು ಸಲ ಒತ್ತಿದರೆ ಬ್ರೇಕ್ ಪೆಡಲ್ ಕಲ್ಲಿನಂತಾಗುತ್ತದೆ.

ಟರ್ಬೊ ಇರುವ ಕಾರನ್ನು ಹೆದ್ದಾರಿಯಲ್ಲಿ ಜೋರಾಗಿ ಓಡಿಸಿ ನಿಲ್ಲಿಸಿದಾಗ ಒಂದು ನಿಮಿಷ ಐಡ್ಲಿಂಗ್‌ನಲ್ಲಿ ಬಿಡುವುದು ಒಳ್ಳೆಯ ಪದ್ಧತಿ, ಕಾದ ಟರ್ಬೊಗೆ ಆಯಿಲ್ ಹರಿಯುತ್ತಿರುತ್ತದೆ. ಡೀಸೆಲ್ ಕಾರನ್ನು ಗಂಟೆಗಟ್ಟಲೆ ಸ್ಟಾರ್ಟಿಂಗಿನಲ್ಲೇ ಬಿಟ್ಟರೆ ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಕಟ್ಟಿಕೊಳ್ಳುತ್ತದೆ.

ಪೆಟ್ರೋಲ್ ಕಾರುಗಳ ವಾಯುಮಾಲಿನ್ಯ ತಪಾಸಣೆ ಶುರುವಾಗುವುದೂ ಐಡ್ಲಿಂಗ್ ವೇಗದಲ್ಲೇ. ಕೇಂದ್ರ ಮೋಟಾರು ವಾಹನ ನಿಯಮಗಳ 115ನೇ ನಿಯಮದಂತೆ, ಭಾರತ್ ಸ್ಟೇಜ್ 4 ಮತ್ತು ಆನಂತರದ ಮಾಲಿನ್ಯ ಮಾನದಂಡಗಳ ಪೆಟ್ರೋಲ್ ಕಾರುಗಳ ಹೊಗೆಯಲ್ಲಿ ಐಡ್ಲಿಂಗ್‌ನಲ್ಲಿ ಕಾರ್ಬನ್ ಮಾನಾಕ್ಸೈಡ್ ಶೇ. 0.3 ಮೀರಬಾರದು. ಅನಂತರ ಎಂಜಿನ್ನನ್ನು ಸುಮಾರು 2,500 ಆರ್‌ಪಿಎಂಗೆ ಏರಿಸಿ ಇನ್ನೊಮ್ಮೆ ಅಳೆಯಬೇಕು. ಕಾರ್ಬನ್ ಮಾನಾಕ್ಸೈಡ್ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಬಾಗಿಲು ಮುಚ್ಚಿದ ಗ್ಯಾರೇಜಿನಲ್ಲಿ ಸ್ಟಾರ್ಟಿಂಗಿನಲ್ಲಿಟ್ಟ ಕಾರು ಒಳಗಿದ್ದವರ ಪ್ರಾಣ ತೆಗೆಯಬಲ್ಲದು. ಎ.ಸಿ. ಹಾಕಿಕೊಂಡು ಅಂಥ ಜಾಗದಲ್ಲಿ ಕಾರಿನೊಳಗೆ ಮಲಗುವುದನ್ನು ಯಾರೂ, ಯಾವ ಕಾರಣಕ್ಕೂ ಮಾಡಬಾರದು.

ವಿದ್ಯುತ್ ಕಾರಿಗೆ ಐಡ್ಲಿಂಗ್ ಎಂಬುದೇ ಇಲ್ಲ. ಅದರ ಮೋಟರ್ ಸೊನ್ನೆ ವೇಗದಿಂದಲೇ ಬಲ ಕೊಡಬಲ್ಲದು. 2001ರಲ್ಲಿ ಬೆಂಗಳೂರಿನಲ್ಲಿ ಮಾರುಕಟ್ಟೆಗೆ ಬಂದ ರೇವಾ ಕಾರು ಸಿಗ್ನಲ್ಲಿನಲ್ಲಿ ಸದ್ದಿಲ್ಲದೆ ನಿಂತು ಸದ್ದಿಲ್ಲದೆ ಹೊರಡುವುದನ್ನು ಈ ಊರಿನವರು ದೇಶದ ಉಳಿದವರಿಗಿಂತ ಮೊದಲೇ ನೋಡಿದ್ದಾರೆ.

ಎಂಜಿನ್ ಇರುವ ಕಾರು ಉಳ್ಳವರು ಮಾಡಬಹುದಾದ ಒಂದು ಸುಲಭದ ಕೆಲಸವಿದೆ. ಕಾರು ಚೆನ್ನಾಗಿರುವಾಗಲೇ, ಅರ್ಧ ಗಂಟೆ ಓಡಿಸಿ ಬಂದ ಮೇಲೆ ನ್ಯೂಟ್ರಲ್‌ನಲ್ಲಿ ನಿಲ್ಲಿಸಿ, ಎ.ಸಿ. ಇಲ್ಲದೆ ಮುಳ್ಳು ಎಲ್ಲಿದೆ, ಎ.ಸಿ. ಹಾಕಿದಾಗ ಎಲ್ಲಿಗೆ ಹೋಗುತ್ತದೆ ಎಂದು ನೋಡಿ, ಎರಡೂ ಅಂಕಿಗಳನ್ನು ಸರ್ವಿಸ್ ಪುಸ್ತಕದ ಕೊನೆಯ ಪುಟದಲ್ಲಿ ದಿನಾಂಕ ಸಹಿತ ಬರೆದಿಡಿ. ಮುಂದೆಂದಾದರೂ ಗ್ಯಾರೇಜಿಗೆ ಹೋಗಬೇಕಾದಾಗ ಆ ಪುಟವನ್ನು ಮೆಕ್ಯಾನಿಕ್‌ಗೆ ತೋರಿಸಿ.